ಮಂಡಿ ನೋಡುತ್ತಿದ್ದ ಮೇಷ್ಟ್ರು

ನಮ್ಮ ಪಿ.ಟಿ. ಮೇಷ್ಟ್ರು ಕುಕ್ಕರುಗಾಲಲ್ಲಿ ಕೂತು ಎಡಗಣ್ಣು ಮುಚ್ಚಿದರೆ ಕಣ್ಣಿನ ಕೊನೆಯಿಂದ ಕಿವಿಯವರೆಗೂ ಸುಕ್ಕು ಏಳುತ್ತಿತ್ತು. ಬಾಯಲ್ಲಿ ವಿಸಿಲ್ಲು. ಎದುರಿಗೆ ಮೊಣಕಾಲೆತ್ತರದ ಮರದ ಪೆಟ್ಟಿಗೆ. ಕಬಡ್ಡಿ ತಂಡದ ಹುಡುಗಿಯರು ಒಬ್ಬೊಬ್ಬರೇ ಅದನ್ನು ಹತ್ತಿ ನೆಲಕ್ಕೆ ಧುಮುಕಬೇಕು. ಪಾದ ನೆಲಕ್ಕೆ ತಾಗುವ ಗಳಿಗೆಯಲ್ಲಿ ನಮ್ಮ ಮಂಡಿ ನೆಟ್ಟಗಿರುತ್ತದೋ ಒಳಕ್ಕೆ ವಾಲುತ್ತದೋ ಅಂತ ಅವರು ನೋಡುತ್ತಿದ್ದರು. ವಾಲುವ ಮಂಡಿ ಒಂದಲ್ಲ ಒಂದು ದಿನ ಕೈಕೊಡುತ್ತದೆ ಅನ್ನುವುದು ಅವರು ಓದಿ, ನೋಡಿ ತಿಳಿದುಕೊಂಡಿದ್ದ ವಿದ್ಯೆ.

ಆ ಪೆಟ್ಟಿಗೆ ಮಾಡಿಕೊಟ್ಟವರು ನಮ್ಮಪ್ಪ. ನಮ್ಮದು ಬಡಗಿ ಕೆಲಸದ ಮನೆ, ಪಾಂಡವಪುರದ ಹತ್ತಿರದ ಒಂದು ಹಳ್ಳಿ. "ಮೇಷ್ಟ್ರು ನಿಮ್ ಕಾಲ್ನ ನಾನು ಹಲಗೆ ನೋಡ್ದಂಗೇ ನೋಡ್ತಾರೆ ಕಣವ್ವ. ಒಂದ್ ಕಣ್ಣು ಮುಚ್ದೆ ಇದ್ರೆ ಡೊಂಕು ಕಾಣಕ್ಕಿಲ್ಲ" ಅಂತ ಅಪ್ಪ ನಗುತ್ತಿದ್ದರು. ಇದು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ನಾನು ಮಾಡಿದ್ದನ್ನು ನೆನೆದರೆ ಇವತ್ತಿಗೂ ನನ್ನ ಮೇಲೆ ನನಗೇ ಹೇಸಿಗೆ.

ಮೇಷ್ಟ್ರು ಹೇಮಗಿರಿ ಕಡೆಯವರು. ಬೆಳಿಗ್ಗೆ ನಮಗಿಂತ ಮೊದಲೇ ಮೊಪೆಡ್ಡಿನಲ್ಲಿ ಬಂದು ಆಟದ ಬಯಲಿನ ಕಲ್ಲು ಆರಿಸಿ ಹಳೇ ಬಕೆಟ್ಟಿಗೆ ತುಂಬುತ್ತಿದ್ದರು. "ಕೆಳಕ್ಕೆ ಬರಾದ್ ಕಲೀರವ್ವ ಮೊದ್ಲು. ಎಗರಾದು ಕುರಿಮರಿಗೂ ಬತ್ತದೆ" ಅನ್ನುವುದು ಅವರ ದಿನದ ಮಂತ್ರ. ಪಿ.ಟಿ. ಪೀರಿಯಡ್ಡು ಅಂದರೆ ಗಣಿತದವರಿಗೆ ಬಿಟ್ಟುಕೊಡುವ ಪೀರಿಯಡ್ಡು ಅಂತ ತಿಳಿದಿದ್ದ ಊರಿಗೆ ಈ ಪೆಟ್ಟಿಗೆ, ಈ ಧುಮುಕಾಟ ಯಾವುದೂ ಅರ್ಥವಾಗಲಿಲ್ಲ.

ನಾನು ಹತ್ತನೇ ಕ್ಲಾಸಿನಲ್ಲಿದ್ದಾಗ ಯಾವನೋ ಕಾಂಪೌಂಡಿನ ಆಚೆ ನಿಂತು, ಮೇಷ್ಟ್ರು ಕೂತು ನೋಡುವುದನ್ನು ಮೊಬೈಲಿನಲ್ಲಿ ಹಿಡಿದು ಊರ ವಾಟ್ಸಾಪ್ ಗುಂಪಿಗೆ ಹಾಕಿದ. ಡೈರಿ ಜಗುಲಿಯ ದೊಡ್ಡ ಮನುಷ್ಯರೆಲ್ಲ ಹಲ್ಲು ಕಿರಿಯುತ್ತಾ ನೋಡಿದರು. "ಹೆಣ್ಮಕ್ಕಳ ಕಾಲು ನೋಡಕ್ಕೆ ಸಂಬಳ ಕಣ್ಲಾ ಇವನ್ಗೆ!" ಥೂ! ಆ ವೀಡಿಯೋವನ್ನು ಮತ್ತೆ ಮತ್ತೆ ನೋಡಿದವರಿಗೆ ನಾಚಿಕೆಯಿಲ್ಲ, ನಾಚಬೇಕಾದವರು ನಮ್ಮ ಮೇಷ್ಟ್ರಂತೆ.

ಅದೇ ವಾರ ಅವರು ನನ್ನ ಹೆಸರನ್ನು ತಂಡದಿಂದ ತೆಗೆದಿದ್ದರು. "ಬಲಮಂಡಿ ವಾಲ್ತಾ ಅದೆ ಮಗ. ಒಂದೂವರೆ ತಿಂಗ್ಳು ನಾನ್ ಹೇಳ್ದಂಗೆ ಕಸರತ್ತು ಮಾಡು, ಆಮೇಲೆ ಎಷ್ಟಾದ್ರೂ ಆಡೀವಂತೆ." ಶ್ರೀರಂಗಪಟ್ಟಣದ ಪಂದ್ಯಕ್ಕೆ ಹತ್ತೇ ದಿನ ಇತ್ತು. ನಾನು ಎರಡು ದಿನ ಊಟ ಬಿಟ್ಟು ಅತ್ತೆ.

ಶಾಲಾ ಸಮಿತಿಯ ಅಧ್ಯಕ್ಷ ನನ್ನನ್ನು ಹೆಡ್‌ಮಾಸ್ಟರ ಕೋಣೆಗೆ ಕರೆಸಿದ. ಆ ಮನುಷ್ಯನಿಗೆ ಬೇಕಾಗಿದ್ದದ್ದು ಪಂದ್ಯದ ಕಪ್ಪು. ನಾನಿಲ್ಲದೆ ಕಪ್ಪು ಬರುವುದಿಲ್ಲ ಅಂತ ಅವನಿಗೂ ಗೊತ್ತು, ನನಗೂ ಗೊತ್ತು. ಮೇಷ್ಟ್ರು ಗೋಡೆಗೆ ಒರಗಿ ನಿಂತಿದ್ದರು.

"ಹೆದ್ರುಕೋಬ್ಯಾಡ. ಇವ್ರು ನಿಮ್ ಕಾಲು ನೋಡ್ತಾರೋ ಇಲ್ವೋ? ಅಷ್ಟ್ ಹೇಳು ಸಾಕು" ಅಂದ ಅಧ್ಯಕ್ಷ.

ಅಪ್ಪನ ಹಲಗೆಯ ಮಾತು ನಾಲಿಗೆ ತುದಿಯಲ್ಲಿತ್ತು. ಮೇಷ್ಟ್ರು ಇಲ್ಲದಿದ್ದರೆ ನಾನು ಆಡಬಹುದು ಅನ್ನುವುದೂ ತಲೆಯಲ್ಲಿತ್ತು.

"ನೋಡ್ತಾರೆ" ಅಂದೆ. ಅಷ್ಟಕ್ಕೇ ಬಾಯಿ ಮುಚ್ಚಿಕೊಂಡೆ.

ಮೂರನೇ ದಿನಕ್ಕೆ ಅವರನ್ನು ನಾಗಮಂಗಲ ತಾಲ್ಲೂಕಿನ ಒಂದು ಮೂಲೆಗೆ ಹಾಕಿದರು. ನಾನು ಪಂದ್ಯ ಆಡಿದೆ. ಮೂರನೇ ರೈಡಿನಲ್ಲಿ ಒಬ್ಬಳ ತಲೆ ಮೇಲಿಂದ ಎಗರಿ ಕೆಳಕ್ಕೆ ಬಂದಾಗ ಬಲಮಂಡಿಯೊಳಗೆ ಲಟಕ್ಕೆಂದಿತು. ಯಾರೋ ತಣ್ಣನೆಯ ಸ್ಪ್ರೇ ಹೊಡೆದರು. ಕಪ್ಪೇನೋ ಬಂತು. ಅಧ್ಯಕ್ಷ ಅದನ್ನು ಎದೆಗೆ ಅವುಚಿಕೊಂಡು ಫೋಟೋ ತೆಗೆಸಿಕೊಂಡ. ನಾನು ಬೆಂಚಿನ ಮೇಲೆ ಕಾಲು ಹಿಡಿದುಕೊಂಡು ಅಳುತ್ತಿದ್ದೆ, ನೀರು ಬೇಕಾ ಅಂತ ಒಬ್ಬನೂ ಕೇಳಲಿಲ್ಲ.

ಮೈಸೂರಿನ ಆಸ್ಪತ್ರೆಯಲ್ಲಿ ಆಪರೇಷನ್ ಆಗಿ ಮನೆಗೆ ಬಂದ ಭಾನುವಾರ ಮೊಪೆಡ್ಡಿನ ಸದ್ದು ಕೇಳಿತು. ಅಷ್ಟು ದೂರದಿಂದ ಬಂದವರು ಒಳಗೆ ಕಾಲಿಡಲಿಲ್ಲ. ಬಾಗಿಲಲ್ಲೇ ನಿಂತು, ನನ್ನ ಕಡೆ ತಿರುಗದೆ, ಅಪ್ಪನ ಮುಖ ನೋಡಿದರು.

"ಆಚಾರ್ರೇ, ನಿಮ್ ಮಗಳ ಕಾಲು ನೋಡ್ಬೋದಾ?"

ಅಪ್ಪ ಟವಲಿನಿಂದ ಮುಖ ಮುಚ್ಚಿಕೊಂಡರು. ಎಲ್ಲರ ಮುಂದೆ ತಲೆಯೆತ್ತಿ ನೋಡುತ್ತಿದ್ದ ಮನುಷ್ಯನನ್ನು ಹೀಗೆ ಅಪ್ಪಣೆ ಕೇಳುವ ಹಾಗೆ ಮಾಡಿದವಳು ನಾನು.

ಆಮೇಲೆ ಎಂಟು ತಿಂಗಳು, ಪ್ರತಿ ಭಾನುವಾರ ಬಂದರು. ಕೂರುವುದು, ಏಳುವುದು, ಒಂದೊಂದೇ ಮೆಟ್ಟಿಲು ಇಳಿಯುವುದು, ಎಲ್ಲ ಹೊಸದಾಗಿ ಕಲಿಸಿದರು. ಆದರೆ ಒಂದು ದಿನವೂ ನನ್ನ ಮುಂದೆ ಕುಕ್ಕರುಗಾಲಲ್ಲಿ ಕೂರಲಿಲ್ಲ. ನಾನು ಮಂಡಿ ಬಗ್ಗಿಸುವಾಗ ಬೆನ್ನು ತಿರುಗಿಸಿ ನಿಲ್ಲುತ್ತಿದ್ದರು. "ನೀವೇ ನೋಡಿ ಹೇಳಿ ಆಚಾರ್ರೇ, ನೆಟ್ಟಗದಾ?" ಅಪ್ಪ ಒಂದು ಕಣ್ಣು ಮುಚ್ಚಿ ನೋಡಿ ಹೇಳುತ್ತಿದ್ದರು.

ಒಂದು ಭಾನುವಾರ ತಡೆಯಲಾಗದೆ, "ಸಾರ್, ಅವತ್ತು ನಾನು..." ಅಂದೆ.

"ನೀನೇನ್ ಸುಳ್ಳು ಹೇಳಿಲ್ಲ ಬುಡವ್ವ. ನೋಡ್ತಿದ್ದೆ" ಅಂದರು. "ಎಲ್ಲಿ, ಇನ್ನೈದು ಸಲ ಕೂತು ಏಳು."

ಹೋದ ತಿಂಗಳು ಅವರು ತೀರಿಕೊಂಡರು. ನಾನು ಓದಿದ ಶಾಲೆಯಲ್ಲಿ ಶ್ರದ್ಧಾಂಜಲಿ ಸಭೆ. ಹೂವಿನ ಹಾರ ಹಿಡಿದು ಮುಂದೆ ನಿಂತವನು ಯಾರು ಅಂತೀರಿ? ಅದೇ ಅಧ್ಯಕ್ಷ. "ನಮ್ ಹೆಣ್ಮಕ್ಕಳ ಕಾಲ್ಗೆ ಬಲ ಕೊಟ್ಟ ಪುಣ್ಯಾತ್ಮ" ಅಂತ ಮೈಕಿನಲ್ಲಿ ಗದ್ಗದ ಬೇರೆ. ಮುಖಕ್ಕೆ ಉಗಿಯಬೇಕು ಅನ್ನಿಸಿತು. ಬಾಯಲ್ಲಿ ಉಗುಳು ತುಂಬಿಯೇ ಇತ್ತು. ಆದರೆ ಉಗಿಯುವುದಾದರೆ ಮೊದಲು ನನ್ನ ಮುಖಕ್ಕೇ ಉಗಿದುಕೊಳ್ಳಬೇಕಲ್ಲ. ನುಂಗಿಕೊಂಡೆ.

ನಾನೀಗ ಕೆ.ಆರ್. ಪೇಟೆಯ ಶಾಲೆಯೊಂದರಲ್ಲಿ ಪಿ.ಟಿ. ಮೇಡಂ. ನಾಲ್ಕು ಮಾತಾಡಿ ಅಂತ ನನ್ನನ್ನೂ ಕರೆದರು. ವೇದಿಕೆಯ ಮೆಟ್ಟಿಲನ್ನು ಯಾವ ಆಸರೆಯೂ ಇಲ್ಲದೆ ಹತ್ತಿದೆ. ಅಧ್ಯಕ್ಷನ ಕಡೆ ತಿರುಗಿ ನಿಂತೆ.

"ಅವತ್ತು ನೀವು ಕೇಳಿದ್ರಿ. ನಾನು ಅರ್ಧ ಹೇಳಿದ್ದೆ. ಹೌದು, ನಮ್ಮ ಮೇಷ್ಟ್ರು ನನ್ನ ಕಾಲು ನೋಡ್ತಿದ್ರು. ಮುರೀಬಾರ್ದು ಅಂತ ನೋಡ್ತಿದ್ರು."

ಅಧ್ಯಕ್ಷ ನೆಲ ನೋಡುತ್ತಿದ್ದ. ಮುಂದಿನ ಸಾಲಿನ ಕೊನೆಯಲ್ಲಿ ಕೂತಿದ್ದ ಮೇಷ್ಟ್ರ ಹೆಂಡತಿ ತಲೆಯೆತ್ತಿದರು. "ಇದನ್ನ ಅವ್ರು ಇದ್ದಾಗ್ಲೇ ಹೇಳ್ಬಾರ್ದಿತ್ತಾ ಮಗ?" ಅಂದರು.