ಆಟಿಯಲ್ಲಿ ಮೊಳೆತ ಕರೆಯೋಲೆ

ಮದುವೆಯ ಕರೆಯೋಲೆಯನ್ನು ಎಸೆಯುವುದು ಎಂಥ ಕಷ್ಟದ ಕೆಲಸ ಎಂಬುದನ್ನು ನೀವೂ ಗಮನಿಸಿರುತ್ತೀರಿ. ಮದುವೆ ಮುಗಿದು, ಉಂಡದ್ದು ಅರಗಿ, ಹೊಸ ದಂಪತಿಗಳ ಮೊದಲ ಜಗಳವೂ ಆಗಿಹೋದ ಮೇಲೆಯೂ ಆ ದಪ್ಪ ಕಾಗದ ಟಿ.ವಿ.ಯ ಹಿಂದೆಯೋ ದೇವರ ಗೂಡಿನ ಪಕ್ಕದಲ್ಲೋ ಉಳಿದೇ ಇರುತ್ತದೆ. ಕಸದ ಬುಟ್ಟಿಗೆ ಹಾಕೋಣವೆಂದರೆ ಮೇಲ್ತುದಿಯಲ್ಲಿ ವಿಘ್ನೇಶ್ವರ ಸೊಂಡಿಲು ಮಡಚಿಕೊಂಡು ನಮ್ಮನ್ನೇ ನೋಡುತ್ತಿರುತ್ತಾನೆ. ಹರಿಯೋಣವೆಂದರೆ ವಧೂವರರ ಹೆಸರುಗಳ ನಟ್ಟನಡುವೆ ಹರಿದೀತೆಂಬ ಅಳುಕು.

ಇಂಥ ಚಿರಂಜೀವಿ ಕಾಗದಗಳನ್ನು ಸೃಷ್ಟಿಸುವುದೇ ನನ್ನ ಜೀವನೋಪಾಯ. ವಸಾಯಿಯ ಫ್ಲ್ಯಾಟಿನಲ್ಲಿ ಊಟದ ಮೇಜಿನ ಅರ್ಧಭಾಗವನ್ನು ಆಕ್ರಮಿಸಿಕೊಂಡು ನಡೆಯುತ್ತಿರುವ ಏಕಾಂಗಿ ಉದ್ಯಮ ನನ್ನದು. ಒಕ್ಕಣೆ ನನ್ನದು, ವಿನ್ಯಾಸ ನನ್ನದು, ಅಚ್ಚಿನವನೊಡನೆ ಜಗಳವೂ ನನ್ನದೇ. ಮುಂಬಯಿಯಲ್ಲಿ ಹುಟ್ಟಿದ ಮಕ್ಕಳು ಕನ್ನಡ ಮಾತಾಡಲು ತಡವರಿಸಿದರೂ ಮದುವೆಯ ಕಾಗದ ಮಾತ್ರ ಕನ್ನಡದಲ್ಲೇ ಇರಬೇಕೆಂಬ ಹಟ ತಂದೆತಾಯಿಗಳಲ್ಲಿ ಇನ್ನೂ ಉಳಿದಿರುವುದರಿಂದ ನಮ್ಮ ಮನೆಯ ಒಲೆ ಉರಿಯುತ್ತಿದೆ. ಯಜಮಾನರು ನನ್ನನ್ನು ‘ಪ್ರೊಪ್ರೈಟರ್’ ಎಂದು ಗೌರವದಿಂದ ಸಂಬೋಧಿಸುವುದುಂಟು, ಅವರಿಗೆ ಚಹಾ ಬೇಕಾದಾಗ.

ಒಂದು ಬೆಳಿಗ್ಗೆ ಲೋಕಲ್‌ನಲ್ಲಿ ಭಾಯಂದರ್ ಖಾಡಿಯ, ಅಂದರೆ ಸಮುದ್ರದ ಹಿನ್ನೀರಿನ, ಸೇತುವೆ ದಾಟುತ್ತಿದ್ದಾಗ, ಲೇಡೀಸ್ ಡಬ್ಬಿಯ ಬಾಗಿಲಲ್ಲಿ ನಿಂತಿದ್ದ ಹೆಂಗಸೊಬ್ಬಳು ಬಾಡಿದ ಹೂವಿನ ಜೊತೆಗೆ ಒಂದು ಕಟ್ಟು ಮದುವೆ ಕಾಗದಗಳನ್ನು ಹಣೆಗೆ ಒತ್ತಿಕೊಂಡು ನೀರಿಗೆ ಬಿಟ್ಟಳು. ಎಲ್ಲಕ್ಕಿಂತ ಮೇಲಿದ್ದದ್ದು, ಕನ್ನಡ ಹುಡುಗಿಗೂ ಮರಾಠಿ ಹುಡುಗನಿಗೂ ಆದ ಮದುವೆಗೆ ನಾನು ಎರಡೂ ಭಾಷೆಗಳಲ್ಲಿ ಹೊಂದಿಸಿಕೊಟ್ಟ ಕಾಗದ. ನನ್ನ ಮುಖ ನೋಡಿ ಅವಳು, ‘ದೇವಾಚಾ ಫೋಟೊ ಆಹೆ ನಾ, ಕಚರ್‍ಯಾತ್ ಕಸಾ ಟಾಕಾಯ್ಚಾ?’ ಎಂದಳು. ದೇವರ ಚಿತ್ರವಿರುವುದನ್ನು ಕಸಕ್ಕೆ ಹೇಗೆ ಹಾಕುವುದು ಎಂಬ ಆ ಪ್ರಶ್ನೆಯನ್ನು ಗ್ರಾಂಟ್ ರೋಡ್ ಬರುವವರೆಗೂ ಮೆಲುಕು ಹಾಕಿದೆ. ಖಾಡಿಯ ತಳದಲ್ಲಿ ನನ್ನ ಸಮಗ್ರ ಕೃತಿಗಳು ಸಂಗ್ರಹವಾಗುತ್ತಿವೆಯೆಂದು ಅಂದೇ ಹೊಳೆದದ್ದು.

ದೊಡ್ಡ ಕಂಪನಿಗಳಾದರೆ ಒಂದು ಗುಡ್ಡವನ್ನು ದತ್ತು ಪಡೆದು, ಗಿಡ ನೆಟ್ಟು, ಗಿಡಕ್ಕಿಂತ ದೊಡ್ಡ ಬೋರ್ಡು ನೆಟ್ಟು ನಿಶ್ಚಿಂತವಾಗಿರುತ್ತವೆ. ಅರ್ಧ ಮೇಜಿನ ಉದ್ಯಮಿ ಭೂಮಿಯ ಋಣವನ್ನು ತೀರಿಸುವುದು ಹೇಗೆ? ಮದುವೆಗೊಂದು ಸಸಿ ನೆಡುವ ಯೋಚನೆ ಮಾಡಿದೆ. ನಮ್ಮ ಸೊಸೈಟಿಯಲ್ಲಿ ಮಣ್ಣು ಕಾಣುವ ಏಕೈಕ ಜಾಗ ಸೆಕ್ರೆಟರಿಯ ಸ್ಕೂಟರಿಗೆ ಮೀಸಲೆಂದು ತಿಳಿಯಿತು. ಆಗ ನನಗೆ ಸಿಕ್ಕಿದ್ದು ಬೀಜದ ಕಾಗದ. ಚಿಂದಿಯಿಂದ ಮಾಡಿದ ಹಾಳೆಯೊಳಗೆ ಬೀಜಗಳನ್ನು ಸೇರಿಸಿರುತ್ತಾರೆ. ಮದುವೆ ಮುಗಿದ ಮೇಲೆ ಕುಂಡದಲ್ಲಿ ಹೂತು ನೀರು ಹಾಕಿದರೆ ಕರೆಯೋಲೆಯೇ ಗಿಡವಾಗುತ್ತದೆ. ಗಣಪತಿಯ ಚಿತ್ರವನ್ನು ಹೊರಗಿನ ಲಕೋಟೆಗೂ ಹಾಕದೆ ಬಿಟ್ಟರಾಯಿತು. ಪಾಪಪರಿಹಾರದ ಉಪಾಯ ಸಿಕ್ಕಿತೆಂದು ಒಂದು ವಾರ ನಾನು ನೆಲದಿಂದ ಒಂದು ಗೇಣು ಮೇಲೆಯೇ ಓಡಾಡಿದೆ.

ಮೊದಲ ಗಿರಾಕಿ ಗ್ರಾಂಟ್ ರೋಡಿನ ಹೋಟೆಲಿನ ಶೀನಣ್ಣ. ಉಡುಪಿ ಕಡೆಯವರು, ಮಗಳ ಮದುವೆ. ಚೆಂಡುಹೂವಿನ ಬೀಜ ಎಂದಾಗ ಅವರು ಗಲ್ಲಾದಿಂದ ತಲೆಯೆತ್ತದೆ, ‘ಹೂ ಎಂತಕ್ಕೆ ಮಾರಾಯ್ರೆ? ಹರಿವೆ ಹಾಕಿ. ಪಲ್ಯಕ್ಕಾದ್ರೂ ಆಗ್ತದೆ’ ಎಂದರು. ಅವರ ಹೆಂಡತಿ ಕುಸುಮಕ್ಕನದು ಒಂದೇ ಷರತ್ತು. ಆಟಿ ತಿಂಗಳು ತುಳುವರಿಗೆ ಶುಭಕಾರ್ಯ ನಿಷಿದ್ಧವಾದ ಮಳೆಗಾಲದ ತಿಂಗಳು. ಮುಹೂರ್ತವಿದ್ದದ್ದು ಅದರ ಮುಂದಿನ ಸೋಣದಲ್ಲಿ. ‘ಆಟಿ ಹಿಡಿಯುವ ಮೊದ್ಲೇ ಅಚ್ಚಾಗ್ಲಿ. ಆದ್ರೆ ಆಟಿಯಲ್ಲಿ ಕಾಗದ ನಮ್ಮ ಮನೆಗೆ ತರ್ಲಿಕ್ಕಿಲ್ಲ, ಹಂಚ್ಲಿಕ್ಕೂ ಇಲ್ಲ. ಸೋಣ ಬರುವವರೆಗೆ ನಿಮ್ಮಲ್ಲೇ ಇರ್ಲಿ’ ಎಂದರು. ನಾನು ಸಂತೋಷದಿಂದ ಒಪ್ಪಿಕೊಂಡೆ. ಬೀಜ ತುಂಬಿದ ಕಾಗದವನ್ನು ಮುಂಬಯಿಯ ಮಳೆಯ ಪರಾಕಾಷ್ಠೆಯಲ್ಲಿ ಒಂದು ತಿಂಗಳು ಕಾಯುವುದೆಂದರೇನೆಂದು ನನಗೂ ಹೊಳೆಯಲಿಲ್ಲ, ಅವರಿಗೂ ಹೊಳೆಯಲಿಲ್ಲ.

ಆ ತಿಂಗಳು ನಾನು ಬಾಣಂತಿಯ ಕೋಣೆ ಕಾಯುವ ಮುದುಕಿಯಂತಾದೆ. ನಮ್ಮ ಮನೆಯ ಗೋಡೆಗಳು ಮಳೆಗಾಲದಲ್ಲಿ ಬೆವರುತ್ತವೆ. ಉಪ್ಪು ನೀರಾಗುತ್ತದೆ, ಹಪ್ಪಳ ಬಟ್ಟೆಯಾಗುತ್ತದೆ. ಕಾಗದದ ಕಟ್ಟುಗಳನ್ನು ಕಪಾಟಿನಿಂದ ಅಟ್ಟಕ್ಕೆ, ಅಟ್ಟದಿಂದ ಮಂಚದ ಮೇಲಕ್ಕೆ ಸಾಗಿಸಿದೆ. ಯಜಮಾನರು ಹಾಲ್‌ನಲ್ಲಿ ಮಲಗತೊಡಗಿ, ‘ಗಿರಾಕಿಗಳಿಗೆ ಹಾಸಿಗೆ, ಗಂಡನಿಗೆ ನೆಲ’ ಎಂದು ಫೋನಿನಲ್ಲಿ ತಮ್ಮ ತಂಗಿಗೆ ದೂರು ಕೊಟ್ಟರು. ಕೊನೆಗೆ ಅತಿ ಕಾಳಜಿಯಿಂದ ಪ್ರತಿ ಕಟ್ಟಿಗೂ ಪ್ಲಾಸ್ಟಿಕ್ ಸುತ್ತಿದೆ. ಪರಿಸರಪ್ರೇಮ ನನ್ನನ್ನು ಪ್ಲಾಸ್ಟಿಕ್ಕಿನ ಪದತಲಕ್ಕೇ ತಂದು ನಿಲ್ಲಿಸಿತ್ತು. ತೇವ ಒಳಗೆ ಬರದಂತೆ ಸುತ್ತಿದ್ದು ಒಳಗಿನ ತೇವವನ್ನು ಹೊರಗೆ ಬಿಡಲಿಲ್ಲ. ಆಟಿ ಮುಗಿಯುವ ಮುನ್ನ ಒಂದು ಕಟ್ಟು ಬಿಚ್ಚಿದರೆ, ‘ಸುಮುಹೂರ್ತ’ ಎಂಬ ಪದವನ್ನು ಸೀಳಿಕೊಂಡು ಕೆಂಪು ಕುಡಿಯೊಂದು ತಲೆಯೆತ್ತಿತ್ತು. ಉಳಿದ ಕಟ್ಟುಗಳಲ್ಲೂ ಬಿಳಿ ಬೇರುಗಳು ಕಾಗದಕ್ಕೆ ಕಾಗದವನ್ನು ಹೊಲಿದುಬಿಟ್ಟಿದ್ದವು. ನಾನು ಅಲ್ಲೇ ಕುಳಿತು ಅತ್ತೆ. ಇನ್ನೊಮ್ಮೆ ಅಚ್ಚು ಹಾಕಿಸೋಣವೆಂದರೆ ಪ್ರೆಸ್ಸುಗಳೆಲ್ಲ ಗಣೇಶೋತ್ಸವದ ಚಂದಾ ರಸೀದಿ ಪುಸ್ತಕಗಳಲ್ಲಿ ಮುಳುಗಿದ್ದವು; ಎಲ್ಲಿ ಕೇಳಿದರೂ ಮುಹೂರ್ತದ ನಂತರದ ತಾರೀಖು ಹೇಳಿದರು.

ಮೊಳೆತ ಒಂದು ಕಾಗದವನ್ನು ಟಿಫಿನ್ ಡಬ್ಬಿಯಲ್ಲಿಟ್ಟುಕೊಂಡು ಗ್ರಾಂಟ್ ರೋಡಿಗೆ ಹೋದೆ. ಕುಸುಮಕ್ಕ ಅದನ್ನು ನೋಡಿ ಕುರ್ಚಿ ಎಳೆದುಕೊಂಡು ಕುಳಿತರು. ‘ಆಟಿಯಲ್ಲೇ ಹೀಗಾಯ್ತಲ್ಲ. ನಾಳೆ ಮಗಳಿಗೆ ಎಂತಾದ್ರೂ...’ ಎಂದವರು ಮಾತು ಮುಗಿಸಲಿಲ್ಲ. ಆ ಮುಗಿಯದ ಮಾತು ಇಂದಿಗೂ ನನ್ನ ಕಿವಿಯಲ್ಲಿದೆ. ಶೀನಣ್ಣ ಕುಡಿಯನ್ನು ಬೆರಳಿನಿಂದ ಮುಟ್ಟಿ, ‘ಮೊಳೆತದ್ದು ಕೆಟ್ಟದ್ದಾಗುದು ಹೇಗೆ? ಕೊಳೆತಿದ್ರೆ ಬೇರೆ ಮಾತು. ಈಗ ಜನ ಕರೆಯುದು ಹೇಗೆ, ಅದು ಹೇಳಿ’ ಎಂದರು. ಫೋನಿನಲ್ಲಿ ಚಿತ್ರ ಕಳಿಸಬಹುದು ಎಂದೆ. ‘ಅದಕ್ಕೆ ಯಾರು ಬರ್ತಾರೆ? ಒಂದು ಹೆಬ್ಬೆಟ್ಟು ಒತ್ತಿ ಮನೆಯಲ್ಲೇ ಕೂತ್ಕೊಳ್ತಾರೆ’ ಎಂದು ಅದನ್ನೂ ತಳ್ಳಿಹಾಕಿದರು. ಸೋಣ ಹಿಡಿದ ದಿನದಿಂದ, ಮಧ್ಯಾಹ್ನದ ಊಟದ ಗದ್ದಲ ಇಳಿದ ಮೇಲೆ ಗಂಡ ಹೆಂಡತಿ ಇಬ್ಬರೂ ಕೊಡೆ ಹಿಡಿದು ಲೋಕಲ್ ಹತ್ತತೊಡಗಿದರು. ಕೆಲವರು ಕಾಗದವಿಲ್ಲದ ಕರೆ ಎಂಥ ಕರೆ ಎಂದು ಮುಖ ಸಿಂಡರಿಸಿದರಂತೆ. ಅದನ್ನು ಕೇಳಿದ ಮೇಲೆ ನನಗೆ ಅನ್ನ ಸೇರಲಿಲ್ಲ.

ಮದುವೆಯ ದಿನ ಮಾಟುಂಗದ ಹಾಲ್‌ನಲ್ಲಿ ಬಾಗಿಲ ಬಳಿ ಪನ್ನೀರುದಾನಿಯ ಪಕ್ಕದಲ್ಲಿ ನಿಂತುಕೊಂಡೆ. ಹೊರಗೆ ಜಡಿಮಳೆ, ಲೋಕಲ್ ರೈಲುಗಳು ಲೇಟು. ಒಳಗೆ ಸಾಲುಸಾಲು ಕುರ್ಚಿಗಳು ಬೆನ್ನು ತೋರಿಸಿಕೊಂಡು ಖಾಲಿ ಕುಳಿತಿದ್ದವು. ಮಂಟಪದಿಂದ ಕುಸುಮಕ್ಕ ಆಗಾಗ ಬಾಗಿಲಿನತ್ತ ನೋಡುತ್ತಿದ್ದರು. ಆ ನೋಟ ಜನರನ್ನು ಹುಡುಕುತ್ತಿತ್ತೋ ನನ್ನನ್ನೋ ಎಂದು ತಿಳಿಯದೆ ನಾನು ಕಂಬದ ಮರೆಗೆ ಸರಿದೆ. ಆಮೇಲೆ ಒಂದು ಕೊಡೆ ಬಂತು. ಅದರ ಹಿಂದೆ ಒಂದು ಕುಟುಂಬ, ಮತ್ತೊಂದು, ಮತ್ತೂ ಒಂದು. ಒದ್ದೆ ಸೀರೆಯ ನೆರಿಗೆ ಹಿಂಡುತ್ತ, ರೈಲ್ವೆಯನ್ನು ಬಯ್ಯುತ್ತ ಬಂದರು. ಧಾರೆಯ ಹೊತ್ತಿಗೆ ನನಗೆ ನಿಲ್ಲಲೂ ಜಾಗವಿರಲಿಲ್ಲ.

ಊಟದ ಹೊತ್ತಿನಲ್ಲಿ ಶೀನಣ್ಣ ಎದುರಾದರು. ತಮ್ಮ ಪಕ್ಕದಲ್ಲಿದ್ದ, ಅವರದೇ ಮೂಗಿನ, ತಲೆ ನರೆತ ವ್ಯಕ್ತಿಯನ್ನು ತೋರಿಸಿ, ‘ನನ್ನ ಅಣ್ಣ, ಡೊಂಬಿವಲಿಯಲ್ಲಿರುದು’ ಎಂದರು. ಅಣ್ಣ ಆಚೆ ಹೋದ ಮೇಲೆ ತಗ್ಗಿದ ದನಿಯಲ್ಲಿ, ‘ಮಾತಿಲ್ಲದೆ ಎಷ್ಟೋ ವರ್ಷ. ಕಾರ್ಡು ಕೊರಿಯರ್ ಮಾಡುವ ಅಂತಿದ್ದೆ. ಕಾರ್ಡೇ ಇಲ್ಲವಲ್ಲ, ಹೋಗ್ಬೇಕಾಯ್ತು’ ಎಂದರು.

ನನಗೆ ಬಹಳ ಸಂತೋಷವಾಯಿತು. ಆ ಸಂತೋಷದ ಬೆನ್ನಿಗೇ ಬೇರೊಂದು ಭಯ ಬಂತು. ಇಷ್ಟು ಜನ, ಒಬ್ಬರ ಕೈಯಲ್ಲೂ ನನ್ನ ಕಾಗದವಿಲ್ಲ, ಅದಿಲ್ಲವೆಂದು ಯಾರಿಗೂ ಕೊರತೆಯಿಲ್ಲ. ನಾಳೆ ಖಾಡಿಗೆ ಬಿಡಬೇಕಾದದ್ದೂ ಏನಿಲ್ಲ. ನನ್ನ ಉದ್ಯಮ ಭೂಮಿಗೆ ಕೊಡಬಹುದಾದ ಅತಿ ದೊಡ್ಡ ಕಾಣಿಕೆ, ಅದು ಇಲ್ಲದಿರುವುದು. ಅಷ್ಟು ಉದಾರಿ ನಾನಲ್ಲ, ಮನೆ ನಡೆಯಬೇಕು.

ಮೊನ್ನೆ ಧಾರವಾಡ ಕಡೆಯ ತಾಯಿಯೊಬ್ಬರು ಠಾಣೆ ನಗರದಿಂದ ಫೋನ್ ಮಾಡಿದರು. ಮಗನ ಮದುವೆ, ಕಾಗದ ದೊಡ್ಡದಾಗಿರಬೇಕು, ಅದರಲ್ಲಿ ಗಣಪತಿ ಇರಲೇಬೇಕು ಎಂದರು. ಹ್ಞೂಂ ಎನ್ನಲು ಬಾಯಿ ತೆರೆದೆ. ‘ಹೋಗಿ ಕರೆಯಲು ಆಗುವವರನ್ನೆಲ್ಲ ಮೊದಲು ನೀವೇ ಕರೆಯಿರಿ. ಉಳಿದವರಿಗೆ ಮಾತ್ರ ನಾನು ಮಾಡಿಕೊಡುತ್ತೇನೆ’ ಎಂಬ ಮಾತು ಹೊರಬಿತ್ತು. ಹೇಳಿದವಳು ನಾನೇ ಎಂದು ನಂಬಲು ನನಗೇ ಕಷ್ಟವಾಯಿತು.

‘ಹಂಗಂತೀರೇನ್ರಿ? ಮನ್ಯಾಗ ಕೇಳಿ ಹೇಳ್ತೀನ್ರಿ’ ಎಂದು ಆ ತಾಯಿ ಫೋನ್ ಇಟ್ಟರು.

ಇನ್ನೂ ಫೋನ್ ಬಂದಿಲ್ಲ. ಅವರು ಮನೆಮನೆಗೆ ಹೋಗಿ ಕರೆಯುತ್ತಿರಬಹುದು, ಅಥವಾ ಬೇರೆ ಯಾರಿಂದಲೋ ಕಾಗದ ಮಾಡಿಸುತ್ತಿರಬಹುದು. ನನ್ನ ಪಾಲಿಗೆ ಎರಡೂ ಒಂದೇ, ಭೂಮಿಯ ಪಾಲಿಗೆ ಮಾತ್ರ ಬೇರೆ ಬೇರೆ. ಮೊದಲನೆಯದೇ ಆಗಿರಲಿ ಎಂದು ಹಾರೈಸುತ್ತ, ಫೋನ್ ಮೊಳಗಲಿ ಎಂದೂ ಹಾರೈಸುತ್ತ, ಅರ್ಧ ಮೇಜಿನ ಮುಂದೆ ಕುಳಿತಿದ್ದೇನೆ.