ಟೊಪ್ಪಿಗೆ ತೆಗೆಯುವ ಪ್ರೋಟೀನು ಮತ್ತು ಬೀಗರ ಹೋಳಿಗೆ

ಮದುವೆಯ ಅಡಿಗೆಯಲ್ಲಿ ನನಗೆ ಹೇಳಿಕೊಡುವವರು ಚಿಕ್ಕೋಡಿಯಿಂದ ಕಾಗವಾಡದ ತನಕ ಯಾರೂ ಇಲ್ಲ. ಇದು ನನ್ನ ಮಾತಲ್ಲ, ಉಂಡವರ ಮಾತು. ನಾನು ಬರೇ ನೆನಪಿಟ್ಟುಕೊಂಡಿದ್ದೇನೆ. ಏಳನೇ ಇಯತ್ತೆ ಅರ್ಧಕ್ಕೆ ಬಿಟ್ಟು ಸೋದರಮಾವನ ಹಿಂದೆ ಕಡಾಯಿ ಹೊತ್ತು ಹೊರಟವನು ನಾನು. ನನ್ನ ಕೈಕೆಳಗಿನವರಿಗೆಲ್ಲ ಒಂದೇ ಕಾಯ್ದೆ: ನಾನು ಹೇಳಿದ್ದು, ನಾನೇ ಬಂದು 'ಸಾಕು' ಅನ್ನುವ ತನಕ ನಡೆಯಬೇಕು. ಮದುವೆಮನೆಯಲ್ಲಿ ಕಾಕಾ ಒಂದು ಹೇಳುತ್ತಾನೆ, ಮಾವ ಇನ್ನೊಂದು. ಎಲ್ಲರ ಮಾತು ಕೇಳುತ್ತ ಕೂತರೆ ಅನ್ನ ಹೊತ್ತಿಹೋಗುತ್ತದೆ.

ಮಗಳು ಚಿಕ್ಕೋಡಿಯಲ್ಲಿ ಬಿ.ಎಸ್ಸಿ. ಮುಗಿಸಿ ಎಂ.ಎಸ್ಸಿ.ಗೆಂದು ಧಾರವಾಡಕ್ಕೆ ಹೋದಳು. ಏನು ಓದುತ್ತಾಳೆ ಎಂದು ಜನ ಕೇಳಿದರೆ 'ದೊಡ್ಡದು' ಅನ್ನುತ್ತಿದ್ದೆ. ಅಷ್ಟಕ್ಕೇ ಎಲ್ಲರೂ ಸುಮ್ಮನಾಗುತ್ತಿದ್ದರು. ಸುಮ್ಮನಾಗದವರು ಕಾಗವಾಡ ಕಡೆಯ ದ್ರಾಕ್ಷಿ ತೋಟದ ಯಜಮಾನರು. ಅವರ ಮಗನಿಗೂ ನಮ್ಮ ಹುಡುಗಿಗೂ ಸಂಬಂಧ ಕುದುರಿತ್ತು, ಇಬ್ಬರೂ ಒಪ್ಪಿದ್ದರು. ಆದರೆ ಬೀಗರಾಗಬೇಕಿದ್ದ ಈ ಯಜಮಾನರು ಒಂದೇ ಮಾತಿಗೆ ಜೋತುಬಿದ್ದರು.

"ಲಗ್ನ ಆದಮ್ಯಾಲ ಓದು ಬಂದ್. ಕಣ್ಣಿಗೆ ಕಾಣದ್ದನ್ನ ಓದಿ ಏನ ಮಾಡೂದೈತ್ರಿ?"

ಮಗಳು ಫೋನಿನಲ್ಲಿ ಅಷ್ಟೇ ಗಟ್ಟಿಯಾಗಿ ಹೇಳಿದಳು: "ಓದು ನಿಲ್ಲೂದಾದ್ರ ಈ ಸಂಬಂಧ ಬ್ಯಾಡಪಾ."

ಕಡೆಗೆ, ನಮ್ಮ ಮನೆಯಲ್ಲಿ ಊಟ, ಊಟವಾದ ಮೇಲೆ ಹಿರಿಯರ ಬೈಠಕ್, ಅಲ್ಲೇ ತೀರ್ಮಾನ ಎಂದಾಯಿತು. ಹಿಂದಿನ ದಿನ ಮಗಳು ಬಂದಾಗ ಕಟ್ಟೆಯ ಮೇಲೆ ಕೂರಿಸಿಕೊಂಡು, "ನಾಳೆ ಕೇಳಿದ್ರ ನಾ ಹೇಳಬೇಕು. ನೀ ಓದೂದು ಏನವ್ವಾ?" ಎಂದೆ.

"ಮನಶಾನ ಮೈಯಾಗ ಒಂದೊಂದು ಜೀವಕೋಶದಾಗೂ ಒಂದು ಅಡಿಗಿಮನಿ ಐತಿ ಅಂತ ತಿಳ್ಕೊ. ಏನ ಮಾಡಬೇಕಂತ ಅಲ್ಲಿಗೆ ನಿರೋಪ, ಅಂದ್ರ ಹೇಳಿಕಳಿಸಿದ ಮಾತು, ಬರತೈತಿ. ಅದಕ್ಕ ಎಂ-ಆರ್‌ಎನ್‌ಎ ಅಂತಾರ."

"ಅಲ್ಲಿ ಮುಖ್ಯ ಅಡಿಗಿಯಾಂವ ಯಾರು?"

"ಯಾರೋ ನಿನ್ನಂಗ ಇರ್ತಾರ, ಬಿಡು. ಆ ನಿರೋಪದ ತಲಿಮ್ಯಾಲ ಟೊಪ್ಪಿಗಿ ಇರತೈತಿ. ಅದು ಇರೂ ತನಕಾ ನಿರೋಪಕ್ಕ ಧಕ್ಕಿ ಇಲ್ಲ, ಅಡಿಗಿ ನಡದ ಇರತೈತಿ. ಸಾಕಾದಮ್ಯಾಲ ಒಂದು ಪ್ರೋಟೀನ ಬಂದು ಟೊಪ್ಪಿಗಿ ತಗೀತೈತಿ. ಆಮ್ಯಾಲ ಬ್ಯಾರೇದವು ಬಂದು ನಿರೋಪನ್ನ ತಿಂದು ಮುಗಸ್ತಾವು. ಆ ಟೊಪ್ಪಿಗಿ ತಗಿಯೂ ಪ್ರೋಟೀನ ಐತೆಲ್ಲ, ನಾ ಓದೂದು ಅದನ್ನ."

ನನ್ನ ಕೈ ತಾನಾಗಿ ನನ್ನ ಗಾಂಧಿ ಟೊಪ್ಪಿಗೆಯ ಮೇಲೆ ಹೋಯಿತು. "ಟೊಪ್ಪಿಗಿ ತಗಿಯೂದು ಮರ್ಯಾದಿ ಕೆಲಸ ಅಲ್ಲವ್ವಾ. ಹಿರೇರ ಮುಂದ ಹೆಂಗ ಹೇಳ್ಲಿ?"

ಮೆಂತ್ಯ ಸೊಪ್ಪು ಸೋಸುತ್ತಿದ್ದ ಹೆಂಡತಿ ತಲೆ ಎತ್ತದೆ ಅಂದಳು: "ತಗೀದಿದ್ರ ಏನಾಗತೈತಿ, ಅದನ್ನ ಕೇಳ್ರಿ."

"ಮಾಡಿದ್ದನ್ನ ಮಾಡಕೋಂತ ಹೋಗತೈತಿ. ಮೈಗೆ ಕೇಡು," ಎಂದಳು ಮಗಳು.

"ಹಂಗಾರ ಅದು ಬರೋಬ್ಬರಿ ಅಡಿಗಿಮನಿ ಅಲ್ಲ. ನನ್ನ ಮಂದಿ ಹಂಗ ಮಾಡಂಗಿಲ್ಲ."

"ಹೌದಪಾ, ನಿನ್ನ ಮಂದಿ ಮಾಡಂಗಿಲ್ಲ," ಎಂದಳು ಮಗಳು. ತಾಯಿ ಮಗಳು ಇಬ್ಬರೂ ನಕ್ಕರು. ಆ ನಗು ನನಗೆ ಅಷ್ಟು ಸೇರಲಿಲ್ಲ.

ಮರುದಿನ ಹೆಣ್ಣಿನ ಅಪ್ಪ ಒಲೆಯ ಮುಂದೆ ಇರಬಾರದೆಂದು ಹಿರಿಯರು ನನ್ನನ್ನು ಪೆಂಡಾಲಿಗೆ ಅಟ್ಟಿದರು. ಹೋಗುವ ಮೊದಲು ನನ್ನವರಿಗೆ ಒಂದು ಮಾತು ಹೇಳಿದೆ: "ಬೀಗರ ಎಲಿ ಖಾಲಿ ಕಾಣಬಾರದು. ಹೋಳಿಗಿ ನೀಡಕೋಂತ ಇರ್ರಿ."

ಪಂಗ್ತಿ ಕೂತಿತು. ನಾನು ಪೆಂಡಾಲಿನ ಆಚೆ ತುದಿಯಲ್ಲಿ ಭೋಜದಿಂದ ಬಂದ ನನ್ನ ಭಾವನಿಗೆ ಪ್ರೋಟೀನಿನ ವಿಷಯ ತಿಳಿಸಿ ಹೇಳುತ್ತಿದ್ದೆ. ಹಿಂದಿನ ದಿನ ಕಲಿತದ್ದು, ಇನ್ನೂ ಬಿಸಿ ಇತ್ತು. ಭಾವನನ್ನು ಜೀವಕೋಶ ದಾಟಿಸಿ ಟೊಪ್ಪಿಗೆಯ ತನಕ ತಂದಿದ್ದೆ.

ಇತ್ತ ಬೀಗರು 'ಸಾಕ್ರಿ' ಅಂದಿದ್ದಾರೆ. ನಮ್ಮ ಕಡೆ ಬೀಗರ 'ಸಾಕು' ಎಂಬುದನ್ನು ಯಾರು ಕಿವಿಗೆ ಹಾಕಿಕೊಳ್ಳುತ್ತಾರೆ? ಹೋಳಿಗೆ ಬಿತ್ತು. ಎಲೆಗೆ ಕೈ ಅಡ್ಡ ಹಿಡಿದರು. ಕೈಯ ಮೇಲೆ ತುಪ್ಪ ಬಿತ್ತು. 'ಬಸ್ ರೇ ಬಸ್, ಪುರೇ!' ಎಂದು ಮರಾಠಿಯಲ್ಲಿ ಬೇಡಿಕೊಂಡರು. ನನ್ನವರಿಗೆ ಮರಾಠಿ ಚೆನ್ನಾಗಿ ಬರುತ್ತದೆ. ಆದರೂ ಹೋಳಿಗೆ ಬಿತ್ತು. ಎಲೆಯಲ್ಲಿ ಬಿಟ್ಟು ಏಳೋಣವೆಂದರೆ ಅನ್ನಕ್ಕೆ ಅವಮಾನ, ಅವರು ಅಂಥವರಲ್ಲ. ತಿಂದು ಮುಗಿಸಿದರೆ ಎಲೆ ಖಾಲಿ. ಖಾಲಿಯಾದರೆ ಇವರು ಬಿಡರು.

"ಬೀಗರ! ನಿಮ್ಮ ಮಂದಿಗೆ ಒಂದೀಟು ಹೇಳ್ರಿ!" ಎಂಬ ಕೂಗು ಕೇಳಿ ತಿರುಗಿದೆ. ಅವರ ಹಣೆ ಬೆವೆತಿತ್ತು. ನೀಡುವವನು ಬುಟ್ಟಿ ಹಿಡಿದು ವಿನಯದಿಂದ, "ಮಾಲಕರು ಹೇಳ್ಯಾರ್ರಿ. ಅವರ ಬಂದು ಸಾಕ ಅನಬೇಕ್ರಿ," ಅನ್ನುತ್ತಿದ್ದ.

ಅಷ್ಟರಲ್ಲಿ ಬಾಗಿಲಿಂದ ಮಗಳ ದನಿ. ಮಾತು ನನಗೆ, ಕೇಳಿಸಿದ್ದು ಇಡೀ ಪಂಗ್ತಿಗೆ: "ಅಪ್ಪಾ, ನಿನ್ನ ನಿರೋಪದ ಟೊಪ್ಪಿಗಿ ತಗಿ! ನಾ ಓದೂ ಪ್ರೋಟೀನ ಇಲ್ಲಂದ್ರ ಮೈ ಗತಿ ಹಿಂಗ ಆಗತೈತಿ ನೋಡು!"

"ಸಾಕು!" ಎಂದು ನಾನು ಓಡಿದೆ. ಬುಟ್ಟಿ ಅಲ್ಲೇ ನಿಂತಿತು. ಬೀಗರು ಉಸಿರು ಬಿಟ್ಟು, "ಏನಂದಳು ಹುಡುಗಿ?" ಎಂದರು. ಭಾವನಿಗೆ ಹೇಳಿದ್ದನ್ನೇ ಅವರಿಗೂ ಹೇಳಿದೆ, ಸ್ವಲ್ಪ ಜಲ್ದಿ.

ಬೈಠಕ್ ಕೂತಾಗ ಅವರು ಲೋಡಿಗೆ ಒರಗಿ ಜೀರ್ಣಕ್ಕೆಂದು ಅಜವಾನ ಅಗಿಯುತ್ತಿದ್ದರು. ನಮ್ಮ ಹಿರಿಯರೊಬ್ಬರು ಅಳುಕುತ್ತಲೇ ಓದಿನ ಮಾತು ತೆಗೆದರು.

"ದ್ರಾಕ್ಷಿಗೆ ನಾವು ಛಾಟಣಿ ಮಾಡ್ತೀವಲ್ಲ, ಹಂಗ ಐತಿ ಅದು," ಎಂದರು ಬೀಗರು, ಕಣ್ಣು ಅರ್ಧ ಮುಚ್ಚಿ. "ವ್ಯಾಳ್ಯಾಕ್ಕ ಕಡ್ಡಿ ಕತ್ತರಿಸದಿದ್ರ ಬಳ್ಳಿ ಹುಚ್ಚುಹುಚ್ಚಾಗಿ ಹಬ್ಬತೈತಿ. ಓದಲಿ, ಪೂರಾ ಓದಲಿ. ಕಣ್ಣಿಗೆ ಕಾಣದಿದ್ರೂ ಹೊಟ್ಟಿಗೆ ತಿಳೀತು."

ಮದುವೆಯಾಯಿತು, ಮಗಳು ಓದೂ ಮುಗಿಸಿದಳು. ನನ್ನ ಕಾಯ್ದೆ ಮಾತ್ರ ಇವತ್ತಿಗೂ ಬದಲಾಗಿಲ್ಲ, ಯಾಕೆ ಬದಲಾಗಬೇಕು? ಬೀಗರು ಈಗಲೂ ನಮ್ಮ ಮನೆಗೆ ಊಟಕ್ಕೆ ಬರುತ್ತಾರೆ, ಸೊಸೆಯನ್ನು ಕರೆದುಕೊಂಡೇ. ಕೈಕಾಲು ತೊಳೆದವರೇ ಮೊದಲು ಕೇಳುವುದು, "ಸೊಸಿ ಎಲ್ಲಿ ಅದಾಳ್ರಿ?" ಅವಳು ಬಂದು ಎದುರಿಗೆ ನಿಂತ ಮೇಲೆಯೇ ಎಲೆಯ ಮುಂದೆ ಕೂಡುತ್ತಾರೆ.