ಅಣ್ಣನ ಸೀದಾ ಗೆರೆ

ಮೊನ್ನೆ ಪತ್ರಿಕೆ ಬಿಡಿಸಿದರೆ ಒಳಪುಟದಲ್ಲೊಂದು ನಕ್ಷೆ. ಓರೆಯಾಗಿ ಮೇಲೇರಿದ ನೇರ ಗೆರೆ. ಯಾವುದರ ನಕ್ಷೆಯೆಂದು ಓದುವ ಮೊದಲೇ ನನ್ನ ಎದೆ ಹೊಡೆದುಕೊಂಡಿತು. ನೀವು ನಗಬಹುದು, ಗೆರೆಗೆ ಹೆದರುವ ಮುದುಕಿ ನಾನೊಬ್ಬಳೇ ಇರಬೇಕು.

ಹುಬ್ಬಳ್ಳಿಗೆ ಪ್ಲೇಗು ಬಂದ ವರ್ಷ ಅಕ್ಕ ಹೆರಿಗೆಗೆಂದು ತವರಿಗೆ ಬಂದಿದ್ದಳು. ನಮ್ಮ ಓಣಿಗೆ ಜಡ್ಡು ಇನ್ನೂ ಕಾಲಿಟ್ಟಿರಲಿಲ್ಲ. ಧಾರವಾಡದ ಕಾಲೇಜಿನಲ್ಲಿ ಗಣಿತ ಕಲಿಸುತ್ತಿದ್ದ ಅಣ್ಣ, ಊರಿನಲ್ಲಿ ಎಷ್ಟು ಜನ ಜಡ್ಡು ಬಿದ್ದು ಮಲಗಿದರೆಂದು ವಾರವಾರವೂ ವಿಚಾರಿಸಿ, ಲಾಗರಿದಮ್ ಕಾಗದದ ಮೇಲೆ ಚುಕ್ಕೆ ಇಡುತ್ತಿದ್ದ. ಚುಕ್ಕೆಗಳು ಕೂಡಿ ಸೀದಾ ಗೆರೆಯಾದವು.

ಹತ್ತಿ ವ್ಯಾಪಾರದ ಅಪ್ಪನಿಗೆ ಅದನ್ನು ನೋಡಿ ಸಮಾಧಾನ. ಊರು ಬಿಡುವುದೋ ಹೇಗೆಂದು ಕೇಳಲು ಬಂದ ಎದುರುಮನೆಯ ಟಾಂಗಾ ರಿಪೇರಿಯ ಮೌಲಾಸಾಬರಿಗೆ, “ಗೆರಿ ಸೀದಾ ಐತ್ರಿ. ವಾರಕ್ಕ ಅಷ್ಟಷ್ಟ ಮಂದಿ ಕೂಡತಾರ. ಅಂಜಬ್ಯಾಡ್ರಿ” ಎಂದು ಹೇಳಿ ಕಳಿಸಿದರು.

ಸಂಜೆ ಇದನ್ನು ಕೇಳಿ ಅಣ್ಣ ಬಿಳಿಚಿಕೊಂಡ. “ಅಪ್ಪಾ, ಎಡಗಡೆ ಅಂಕಿ ನೋಡ್ರಿ. ಒಂದು, ಹತ್ತು, ನೂರು, ಸಾವಿರ. ಎಲ್ಲಾ ಸರಿ ಅಂತರದಾಗ ಅದಾವು. ಈ ಕಾಗದದಾಗ ಸೀದಾ ಗೆರಿ ಅಂದ್ರ ವಾರವಾರ ಅಷ್ಟ ಮಂದಿ ಕೂಡೂದಲ್ಲ, ಅಷ್ಟ ಪಟ್ಟು ಆಗೂದು.”

“ಅಂದ್ರ?”

“ಹೋದ ವಾರದ್ದರ ಎರಡು ಪಟ್ಟು ಈ ವಾರ. ಅದರ ಎರಡು ಪಟ್ಟು ಮುಂದಿನ ವಾರ.”

ಅಪ್ಪ ಅಕ್ಕನ ಹೊಟ್ಟೆಯ ಕಡೆ ನೋಡಿದರು. ತಲೆಗೆ ರುಮಾಲಿಲ್ಲದೆ ಅವರು ಓಣಿಗೆ ಇಳಿದದ್ದನ್ನು ನಾನು ಕಂಡದ್ದು ಅಂದೊಂದೇ ದಿನ. “ನಾ ತಪ್ಪು ಓದಿದ್ನಿರಿ, ಮೌಲಾಸಾಬ. ಲಗೂ ಗಂಟು ಕಟ್ರಿ!”

ಊರ ಹೊರಗೆ ನಮ್ಮ ಹೊಲದಲ್ಲಿ ಎರಡು ಗುಡಿಸಲು ಎದ್ದವು, ನಮಗೊಂದು, ಮೌಲಾಸಾಬರಿಗೊಂದು. ಸೂಲಗಿತ್ತಿ ಬರಲು ಒಲ್ಲೆನೆಂದಾಗ ಅಕ್ಕನ ಹೆಣ್ಣುಕೂಸನ್ನು ಕೈಯಲ್ಲಿ ಹಿಡಿದವರು ಮೌಲಾಸಾಬರ ಹೆಂಡತಿ. ನಾನೋ, ಪ್ಲೇಗಿನ ಗಂಟು ಎದ್ದಿದೆಯೇನೋ ಎಂದು ಹೊತ್ತು ಹೊತ್ತಿಗೂ ಕಂಕುಳು ಮುಟ್ಟಿ ನೋಡಿಕೊಳ್ಳುತ್ತಿದ್ದೆ. ಅಣ್ಣ ಊರೊಳಗೆ ಹೋಗಿ ಬಂದ ದಿನ ಅವನ ಮುಖವನ್ನೇ ನೋಡುತ್ತ ಕೂರುತ್ತಿದ್ದೆ. ನಮ್ಮ ಓಣಿಯಲ್ಲಿ ಯಾರ್ಯಾರು ತೀರಿಹೋದರೆಂದು ಅವನು ಒಮ್ಮೆ ಹೇಳಿದ. ಅಂದು ಯಾರೂ ಊಟಕ್ಕೆ ಏಳಲಿಲ್ಲ.

ಕೊನೆಗೊಂದು ವಾರ ಗೆರೆ ಬಾಗಿತು. ಮನೆಗೆ ಹೋಗೋಣವೆಂದು ಅಕ್ಕ ಗೋಗರೆದಳು. ಅಣ್ಣ ಬಾಯಿ ತೆರೆಯುವ ಮೊದಲೇ ಅಪ್ಪ ಹೇಳಿದರು: “ಬಾಗೈತಿ ಅಷ್ಟ, ಇಳದಿಲ್ಲ. ಏರೂ ಜೋರು ಕಡಿಮಿ ಆಗೈತಿ. ತಡಿ ಮಗಳ.”

ಗೆರೆ ಇಳಿದು ನೆಲ ಮುಟ್ಟಿದ ಮೇಲೆ ಎರಡೂ ಮನೆಯವರು ಒಟ್ಟಿಗೇ ಮರಳಿದೆವು.

ಮೊನ್ನೆಯ ನಕ್ಷೆ ಯಾವುದೋ ಮೋಟಾರುಗಳ ಮಾರಾಟದ್ದಂತೆ. ಆದರೂ ಮನಸ್ಸು ತಡೆಯದೆ ಗುಡಿಸಲಲ್ಲಿ ಹುಟ್ಟಿದ ಅಕ್ಕನ ಆ ಮಗಳಿಗೆ ಫೋನು ಮಾಡಿದೆ. ಅವಳಿಗೂ ಈಗ ಮೊಮ್ಮಕ್ಕಳಿದ್ದಾರೆ.

“ಯಾಕ ಚಿಗವ್ವಾ, ದನಿ ಹಿಂಗ್ಯಾಕ?”

“ಏನಿಲ್ಲವ್ವಾ. ನೀ ಆರಾಮ ಅದೀ ಅಂತ ನಿನ್ನ ಬಾಯಿಂದ ಕೇಳಬೇಕನಿಸ್ತು.”